ಹೊಳೆಯಾಚೆ ಹೋದ ಒಂದು ಬುಟ್ಟಿ ಮಣ್ಣು

ಕೆಂಡದ ಮೇಲೆ ಅಜವಾನ ಉದುರಿಸಿದಾಗ ಏಳುವ ಹೊಗೆಗೆ ಒಂದು ಘಾಟಿದೆ. ಮೂಗಿಗೆ ಚುರುಕೆನಿಸಿದರೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಹೋದ ತಿಂಗಳು ನಿಪ್ಪಾಣಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅವನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಹೊಗೆ ಹಾಕುತ್ತಿದ್ದರು. ಬಾಗಿಲಲ್ಲಿ ನಿಂತವಳಿಗೆ ಭೋಜ ಊರಿನ ನಮ್ಮ ಹಳೆಯ ಮನೆ ಕಣ್ಣೆದುರು ಬಂತು. ಪಡಸಾಲೆಯಲ್ಲಿ ಒಟ್ಟಿದ ತಂಬಾಕಿನ ಚೀಲಗಳು, ಅವುಗಳ ಹಿಂದೆ ಸದಾ ಸೀನುತ್ತ ಕೂಡುತ್ತಿದ್ದ ಅಜ್ಜ, ಅಡಿಗೆಮನೆಯ ಹಿಂದಿನ ಕತ್ತಲು ಕೋಣೆ. ಆ ಕೋಣೆಯನ್ನು ಬಾಣಂತಿ ಕೋಣೆ ಎನ್ನುತ್ತಿದ್ದೆವು. ನಾನು ಕಂಡಂತೆ ಅಲ್ಲಿ ಹಡೆದವರೆಲ್ಲ ನನ್ನ ಸೋದರತ್ತೆಯರು. ಅವರನ್ನು ಹೊಳೆಯಾಚೆ, ಕೊಲ್ಲಾಪುರದ ಕಡೆ ಕೊಟ್ಟಿತ್ತು. ಹಡೆಯಲು ಬರುತ್ತಿದ್ದರು, ಕೂಸನ್ನೆತ್ತಿಕೊಂಡು ಹೋಗುತ್ತಿದ್ದರು. ನಮ್ಮವ್ವ ಆ ಕಡೆಯ ಹೆಣ್ಣು. ಅವಳು ಹಡೆಯಲು ಅತ್ತ ಹೋಗುತ್ತಿದ್ದಳು. ನಾನು ಹುಟ್ಟಿದ್ದೂ ಅಲ್ಲೇ. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಯಾರಿಗೂ ಅನಿಸಿರಲಿಲ್ಲ.

ನಾನು ಶಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದಾಗ ಗಡಿಯ ಜಗಳ ಜೋರಾಯಿತು. ಊರ ಫಲಕಗಳಿಗೆ ಡಾಂಬರು ಬಳಿದರು, ಬಸ್ಸುಗಳು ನಿಂತವು. ಅಲ್ಲಿಯವರೆಗೆ ಬೀಗರೊಡನೆ ಮರಾಠಿಯಲ್ಲೇ ಚೇಷ್ಟೆ ಮಾಡುತ್ತಿದ್ದ ಅಜ್ಜ ಇದ್ದಕ್ಕಿದ್ದಂತೆ ನಮ್ಮ ನಾಡು, ನಮ್ಮ ನುಡಿ ಎಂದು ಮಾತಾಡತೊಡಗಿದ. ಅವ್ವ ಆಗ ತುಂಬಿದ ಬಸುರಿ. ಕುಬುಸದ ಶಾಸ್ತ್ರ ಮುಗಿದು, ಹಸಿರು ಸೀರೆ ಉಡಿಸಿ, ಇನ್ನೇನು ಕಳಿಸಬೇಕು ಎನ್ನುವಾಗ ಅಜ್ಜ ಅಡ್ಡ ನಿಂತ. ಈ ಕೂಸು ನಮ್ಮ ನಾಡಿನಲ್ಲೇ ಹುಟ್ಟಬೇಕು, ಈ ಮನೆಯ ಮಣ್ಣಿನ ಮೇಲೆ ಹುಟ್ಟಬೇಕು, ನಾಳೆ ಯಾರೂ ಇದನ್ನು ಆಚೆಯದು ಎನ್ನಬಾರದು ಎಂದ. ಕರೆಯಲು ಚಕ್ಕಡಿ ಹೂಡಿಕೊಂಡು ಬಂದಿದ್ದ ಸೋದರಮಾವ ಬರಿಯ ಚಹ ಕುಡಿದು ತಿರುಗಿ ಹೋದ. ಅವ್ವ ಜಗಳವಾಡಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕೂತು ಹೊಳೆಯ ದಿಕ್ಕು ನೋಡುತ್ತಿದ್ದಳು, ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು. ತನ್ನವ್ವನ ಕೈಯಿಲ್ಲದೆ ಹಡೆದರೆ ತಾನು ಉಳಿಯುವುದಿಲ್ಲವೆಂದು ಅವಳಿಗೆ ಗಟ್ಟಿಯಾಗಿ ಅನಿಸಿಬಿಟ್ಟಿತ್ತು. ಅವಳ ಭಯ ನನಗೂ ಹತ್ತಿತು. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲು ಅವಳು ಇದ್ದಾಳೋ ಇಲ್ಲವೋ ನೋಡುತ್ತಿದ್ದೆ.

ಅಜ್ಜನೆದುರು ತುಟಿ ಪಿಟಕ್ಕೆನ್ನದವಳು ಆಯಿ, ನಮ್ಮ ಅಜ್ಜಿ. ಒಂದು ಮಧ್ಯಾಹ್ನ ಅವನಿಗೆ ಬಡಿಸುತ್ತ, ತಲೆ ಎತ್ತದೆ, ನಿಮ್ಮವ್ವ ನಿಮ್ಮನ್ನು ಎಲ್ಲಿ ಹಡೆದಳೆಂದು ಕೇಳಿದಳು. ಅಜ್ಜನ ತಾಯಿಯ ತವರೂ ಹೊಳೆಯಾಚೆಯೇ.

"ಹುಟ್ಟಿದ ಮಣ್ಣ ಹಿಡದ್ರ ಈ ಮನಿ ನಮ್ಮ ಹೆಣ್ಮಕ್ಕಳ ಮಕ್ಕಳದ್ದಾತು. ಅವ್ರೆಲ್ಲಾ ಆಚಿ ಕಡಿಯವ್ರು. ಇಲ್ಲಿ ಹುಟ್ಟಿದವ್ರು ಅವ್ರ ಅದಾರ, ನೀವಲ್ಲ."

ತನ್ನ ಅಪ್ಪ ಅಜ್ಜಂದಿರ ಸಮಾಧಿಗಳು ಇಲ್ಲೇ ಇವೆಯಲ್ಲ, ಅದಕ್ಕೇನು ಹೇಳುತ್ತಿ ಎಂದ ಅಜ್ಜ.

"ಹಂಗಾದ್ರ ಕೂಸಿನ ಅಪ್ಪಾ ಅಜ್ಜಾನೂ ಇಲ್ಲೇ ಅದೀರಲ್ಲ. ಅದು ಎಲ್ಲಿ ಹುಟ್ಟಿದ್ರ ಏನಾತ್ರಿ? ಹುಡಿಗಿನ್ನ ಕಳಸ್ರಿ."

ಅಜ್ಜ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದ. ಸೋತೆನೆಂದು ಒಪ್ಪುವ ಜಾಯಮಾನ ಅವನದಲ್ಲ. ಮರುದಿನ ಚಕ್ಕಡಿ ಹೂಡಿಸಿದ, ಆದರೆ ಅದಕ್ಕೂ ಮೊದಲು ಹೊಲಕ್ಕೆ ಹೋಗಿ ಒಂದು ಬುಟ್ಟಿ ಕರಿಮಣ್ಣು ಹೊತ್ತು ತಂದಿದ್ದ. ಹಡೆಯುವಾಗ ಇದು ಮಲಗುವ ಹೊರಸಿನ ಕೆಳಗಿರಬೇಕು, ಕೂಸು ನಮ್ಮ ಮಣ್ಣಿನ ಮೇಲೇ ಹುಟ್ಟಿದಂತಾಗುತ್ತದೆ ಎಂದ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವ್ವ ಮಾತ್ರ ನಗಲಿಲ್ಲ. ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು, ಎಲ್ಲಿ ಮಾವನ ಮನಸ್ಸು ತಿರುಗುತ್ತದೋ ಎಂಬಂತೆ ಚಕ್ಕಡಿ ಬೇಗ ಹೊಡೆಯಲು ಹೇಳಿದಳು. ತಮ್ಮ ಹುಟ್ಟಿದ. ಅವ್ವನೂ ಕೂಸೂ ಗಟ್ಟಿಯಾಗಿ ಮರಳಿ ಬಂದರು. ಹುಟ್ಟಿದ್ದು ಆಚೆಯಾದರೂ ನಮ್ಮ ಹೊಲದ ಮಣ್ಣಿನ ಮೇಲೆ ಎಂದು ಅಜ್ಜ ಕೊನೆಯವರೆಗೂ ಬಂದವರಿಗೆಲ್ಲ ಹೇಳಿದ. ತಮ್ಮ ಅದನ್ನೇ ಕೇಳಿ ಬೆಳೆದ, ಶಾಲೆಯಲ್ಲಿ ಹುಡುಗರು ಕಾಡಿದಾಗ ಅದನ್ನೇ ಹೇಳಿ ಗೆದ್ದು ಬಂದ.

ನಡೆದದ್ದು ಬೇರೆ. ಅಜ್ಜ ಹೋದ ಮೇಲೆ, ಶೇಂಗಾ ಸುಲಿಯುತ್ತ ಕೂತಾಗ ಅವ್ವ ನನಗೆ ಹೇಳಿದಳು. ಹಸಿ ಮಣ್ಣು ಬಾಣಂತಿಯ ಹೊರಸಿನ ಕೆಳಗಿದ್ದರೆ ಥಂಡಿ ಹಿಡಿಯುತ್ತದೆಂದು ಅವಳ ತಾಯಿ ಬುಟ್ಟಿಯನ್ನು ಒಳಗೇ ಬಿಡಲಿಲ್ಲವಂತೆ. ಬೀಗರ ಮಣ್ಣು, ಚೆಲ್ಲುವಂತೆಯೂ ಇಲ್ಲ. ಅದಕ್ಕೆ ಹೊಟ್ಟು ಕಲಸಿ ತುಳಿದು, ಬಚ್ಚಲಲ್ಲಿ ನೀರು ಕಾಸುವ ಒಲೆ ಹಾಕಿದಳು. ತಮ್ಮನಿಗೆ ಮೊದಲ ಸಲ ಎರೆದ ನೀರು ಕಾದದ್ದು ಆ ಒಲೆಯ ಮೇಲೆ, ಆಮೇಲೆ ಆ ಮನೆಯಲ್ಲಿ ಹಡೆದವರಿಗೆಲ್ಲ ಅದೇ ಒಲೆ. ಅಜ್ಜನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅವ್ರು ಕಳಸಿದ್ರಲ್ಲ, ಅಷ್ಟ ಸಾಕಾಗಿತ್ತವಾ" ಎಂದಳು.

ಭೋಜದ ಮನೆ ಈಗ ಇಲ್ಲ. ಪಾಲಾಯಿತು, ಬಿತ್ತು, ಆ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ. ಹೋದ ವರ್ಷ ಅವ್ವನೂ ಹೋದಳು. ನಮ್ಮಲ್ಲಿ ತವರಿನ ಸೀರೆ ಹೊದಿಸದೆ ಹೆಣ್ಣನ್ನು ಮಣ್ಣು ಮಾಡುವುದಿಲ್ಲ. ಸೋದರಮಾವನಿಗೆ ಈಗ ನಡುಗುವ ವಯಸ್ಸು, ಮೊಮ್ಮಗನ ಬೈಕಿನ ಹಿಂದೆ ಕೂತು ಬಂದ. ಸೀರೆ ಹೊದಿಸಿದ ಮೇಲೆ ಕೈಚೀಲದಿಂದ ಒಂದು ಮಣ್ಣಿನ ಹೆಂಟೆ ತೆಗೆದು ತಮ್ಮನ ಕೈಗಿಟ್ಟ.

"ಹಳೀ ಮನಿ ಕೆಡವಿದ್ವಿ, ಒಲಿ ಇಷ್ಟ ಉಳದಿತ್ತು. ನಿಮ್ಮ ಹೊಲದ್ದಪಾ ಇದು. ಇದನ್ನ ನನ್ನ ಜೋಡಿ ಕುಣ್ಯಾಗ ಹಾಕ್ರಿ ಅಂತ ಅಕ್ಕಾ ಹೇಳಿದ್ಲು."

ತಮ್ಮನಿಗೆ ಏನೂ ತಿಳಿಯಲಿಲ್ಲ, ನನ್ನ ಮುಖ ನೋಡಿದ. ಅಲ್ಲೇ, ಕುಣಿಯ ದಂಡೆಯಲ್ಲಿ, ಎರಡು ಮಾತಿನಲ್ಲಿ ಹೇಳಿದೆ. ಅವನು ಹೆಂಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಂಕಿ ಉಂಡು ಉಂಡು ಅದು ಇಟ್ಟಂಗಿಯಂತೆ ಕೆಂಪಾಗಿತ್ತು. ನಮ್ಮ ಹೊಲದಲ್ಲಿ ಆ ಬಣ್ಣದ ಮಣ್ಣಿಲ್ಲ, ಅವರ ಹೊಲದಲ್ಲೂ ಇಲ್ಲ. ಐವತ್ತು ದಾಟಿದ ತಮ್ಮ ಕುಣಿಗಿಳಿದು ಅದನ್ನು ಅವ್ವನ ಕೈ ಹತ್ತಿರ ಇಟ್ಟ. ಅಲ್ಲಿಯವರೆಗೆ ಅಳದವಳು ನಾನು ಆಗ ಅತ್ತೆ.