ಐಲಿಗೆ ಮಂಕು ಕವಿದ ಚಳಿಗಾಲ

ಥಂಡರ್ ಬೇ ಊರಿನಲ್ಲಿ ನಮ್ಮ ಪಕ್ಕದ ಮನೆಯ ಐಲಿ ರೌಟಿಯೊ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಸೊಂಟದವರೆಗೆ ಹಿಮ ಬಿದ್ದ ಬೆಳಗಿನಲ್ಲೂ ಅವಳ ಬಸ್ಸು ತಡವಾದದ್ದನ್ನು ಯಾರೂ ಕಂಡಿಲ್ಲ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವಳ ಎಡಪಕ್ಕೆಯ ಮೇಲೆ ಸರ್ಪಸುತ್ತು ಎದ್ದಿತು. ಗುಳ್ಳೆಗಳು ತಿಂಗಳೊಳಗೆ ಒಣಗಿದವು, ಉರಿ ಮಾತ್ರ ಹೋಗಲಿಲ್ಲ. ಬಟ್ಟೆ ತಾಕಿದರೂ ಬರೆ ಎಳೆದಂತಾಗುತ್ತಿತ್ತು. ಗಂಡ ಐನೊ ತನ್ನ ಹಳೆಯ ಹತ್ತಿ ಬನಿಯನ್ನುಗಳನ್ನು ಕತ್ತರಿಸಿ ಅವಳ ಅಂಗಿಗಳ ಒಳಗೆ ಮೆತ್ತನೆಯ ಅಸ್ತರು ಹೊಲಿದುಕೊಟ್ಟ. ಮರ ಕಡಿಯುವ ಕೆಲಸದಲ್ಲಿ ಎರಡು ಬೆರಳು ಕಳೆದುಕೊಂಡಿದ್ದ ಕೈ ಅದು; ಹೊಲಿಗೆ ಸೊಟ್ಟಸೊಟ್ಟ.

"ಇದೇನು ಹೊಲಿಗೆನೋ, ಕುಡಿದ ಕೋಳಿ ಓಡಾಡಿದ ಹಾಗಿದೆ," ಎಂದಳು ಐಲಿ. ಆದರೂ ಅದನ್ನೇ ತೊಟ್ಟಳು.

ಡಾಕ್ಟರು ನರದ ನೋವಿಗೆಂದು ಮಲಗುವಾಗ ನುಂಗುವ ಮಾತ್ರೆ ಕೊಟ್ಟರು. ನೋವು ಕೊಂಚ ತಗ್ಗಿತು. ಇನ್ನೂ ತಗ್ಗಲೆಂದು ಪ್ರಮಾಣ ಏರಿತು. ಪದೇಪದೇ ಮೂತ್ರಕ್ಕೆ ಏಳುತ್ತಾಳೆಂದು ಬೇರೊಬ್ಬ ಡಾಕ್ಟರು ಇನ್ನೊಂದನ್ನು ಬರೆದರು. ನಿದ್ದೆ ಬರಲೆಂದು ಅವಳೇ, ಚೀಟಿ ಇಲ್ಲದೆ ಸಿಗುವ ಮತ್ತೊಂದನ್ನು ಕೊಂಡು ತಂದಳು.

ಡಿಸೆಂಬರ್ ಹೊತ್ತಿಗೆ ಐಲಿ ಬೇರೆಯೇ ಆಗಿಬಿಟ್ಟಳು. ಬಾಯಿ ಒಣಗಿ ಮಾತು ತೊದಲುತ್ತಿತ್ತು. ಒಂದು ಮಧ್ಯಾಹ್ನ ನಾನು ಏಲಕ್ಕಿ ಬ್ರೆಡ್ಡು ಒಯ್ದಾಗ ಒಲೆಯ ಮುಂದೆ ನಿಂತಿದ್ದಳು. "ಹೆಲ್ಮಿ, ಈ ಹಾಲು ಯಾರಿಗೆ ಇಟ್ಟೆ ನಾನು?" ಎಂದು ನನ್ನ ಹೆಸರು ಹಿಡಿದು ನನ್ನನ್ನೇ ಕೇಳಿದಳು.

ಐನೊ ನನ್ನನ್ನು ಹೊರಗೆ ಕರೆದ. "ಅವಳಮ್ಮಂಗೂ ಮರೆವಿನ ಕಾಯಿಲೆ ಹೀಗೇ ಶುರುವಾಗಿತ್ತು. ಯಾರಿಗೂ ಹೇಳ್ಬೇಡ. ಅವಳನ್ನ ಯಾವ ವೃದ್ಧಾಶ್ರಮಕ್ಕೂ ಕಳಿಸಲ್ಲ ನಾನು."

ಅದೇ ವಾರ ಅವಳು ಅಂಗಳದಲ್ಲಿ ಕುಸಿದು ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಮರುದಿನ ಮಾತ್ರೆ ತರಲು ಹೋದ ಐನೊ ಇದನ್ನು ಔಷಧದಂಗಡಿಯ ಒಡೆಟ್‌ಗೆ ಹೇಳಿದ. ಅವಳು ಕೈಲಿದ್ದ ಡಬ್ಬಿಯನ್ನು ಕೆಳಗಿಟ್ಟಳು.

"ಮನೇಲಿರೋ ಮಾತ್ರೆ ಎಲ್ಲಾನೂ ಒಂದು ಚೀಲಕ್ಕೆ ಹಾಕ್ಕೊಂಡು ಅವರನ್ನೂ ಕರ್ಕೊಂಡು ಬನ್ನಿ. ನೆಗಡಿ ಮಾತ್ರೇನೂ ಬಿಡಬೇಡಿ."

ನಾನೇ ಕಾರಿನಲ್ಲಿ ಇಬ್ಬರನ್ನೂ ಕರೆದೊಯ್ದೆ. ಒಡೆಟ್ ಡಬ್ಬಿಗಳನ್ನು ಸಾಲಾಗಿ ಇಟ್ಟು ನೋಡಿದಳು. "ಇದು ಬಾಯಿ ಒಣಗಿಸುತ್ತೆ, ಮಂಕು ಹಿಡಿಸುತ್ತೆ. ಇದೂ ಅಷ್ಟೇ. ಇದೂನೂ. ಐಲಿ ಅವರೇ, ಮೂರೂ ಸೇರ್ಕೊಂಡು ನಿಮ್ಮ ತಲೆ ಮೇಲೆ ಕೂತಿವೆ."

"ಹಾಗಾದ್ರೆ ಅವಳಮ್ಮನ ಕಾಯಿಲೆ ಅಲ್ವಾ?" ಐನೊ ಕೇಳಿದ.

"ಈಗಲೇ ಹೇಳಕ್ಕಾಗಲ್ಲ. ಮೊದಲು ಇವನ್ನ ಇಳಿಸಿ ನೋಡೋಣ. ನೀವಾಗೇ ದಿಢೀರ್ ಅಂತ ಏನೂ ನಿಲ್ಲಿಸಬೇಡಿ, ಡಾಕ್ಟರ ಹತ್ರ ನಾನು ಮಾತಾಡ್ತೀನಿ."

ಡಾಕ್ಟರು ನಿದ್ದೆ ಮಾತ್ರೆ ಬಿಡಿಸಿದರು, ಮೂತ್ರದ್ದನ್ನು ಬದಲಿಸಿದರು, ನರದ ಮಾತ್ರೆಯನ್ನು ವಾರವಾರವೂ ಇಳಿಸುತ್ತ ಬಂದರು. ಪಕ್ಕೆಗೆ ಅಂಟಿಸಿಕೊಳ್ಳಲು ಮರಗಟ್ಟಿಸುವ ಪಟ್ಟಿ ಕೊಟ್ಟರು. ಮೂರನೆಯ ವಾರ ನೋವು ಮತ್ತೆ ಕೆರಳಿತು. ಆ ದಿನಗಳಲ್ಲಿ ಐನೊ ಅವಳ ಪಕ್ಕ ಕೂತು, ಅಂಗಿ ಮೈಗೆ ತಾಕದಂತೆ ಬೆರಳ ತುದಿಯಲ್ಲಿ ಎತ್ತಿ ಹಿಡಿದಿರುತ್ತಿದ್ದ, ಗಂಟೆಗಟ್ಟಲೆ.

ಫೆಬ್ರವರಿಯ ಒಂದು ಬೆಳಗ್ಗೆ ಆ ಮನೆಯಿಂದ ಐಲಿಯ ಗಟ್ಟಿ ದನಿ ಕೇಳಿ ಓಡಿದೆ. ಅಡುಗೆಮನೆಯ ಕಪಾಟುಗಳಿಗೆಲ್ಲ ಐನೊ ಅಂಟಿಸಿದ್ದ ಚೀಟಿಗಳನ್ನು ಅವಳು ಕಿತ್ತು ಹಾಕುತ್ತಿದ್ದಳು.

"ನಾನೇನು ಮಗೂನಾ? ಮೇಲೆ 'ಸಕ್ಕರೆ' ಅಂತ ಬರೆದಿದ್ದೀಯ, ಒಳಗಿರೋದು ಹಿಟ್ಟು! ಮರೆವು ಯಾರಿಗೆ, ನನಗೋ ನಿನಗೋ?"

ಐನೊ ನಗತೊಡಗಿದ. ನಗುತ್ತಲೇ ಕುರ್ಚಿಯ ಮೇಲೆ ಕುಸಿದು ಮುಖ ಮುಚ್ಚಿಕೊಂಡ. ಕೂಗಾಟ ನಿಲ್ಲಿಸಿದ ಐಲಿ ಹತ್ತಿರ ಬಂದು ಅವನ ತಲೆಯನ್ನು ತನ್ನ ಬಲಪಕ್ಕಕ್ಕೆ ಒತ್ತಿಕೊಂಡಳು.

ನೋವು ಪೂರ್ತಿ ಹೋಗಲಿಲ್ಲ. ಬೇಕಿದ್ದರೆ ಇನ್ನೊಂದು ಮಾತ್ರೆ ಪ್ರಯತ್ನಿಸೋಣ ಎಂದು ಡಾಕ್ಟರು ಕೇಳಿದಾಗ ಅವಳು ಬೇಡವೆಂದು ತಲೆಯಾಡಿಸಿದಳು. "ಇಷ್ಟು ನೋವನ್ನ ನಾನು ಸಾಕ್ಕೋತೀನಿ ಡಾಕ್ಟ್ರೇ. ತಲೆ ನನ್ನದಾಗಿರಲಿ."

ಈಗ ಸಂಜೆ ಇಬ್ಬರೂ ಕೆರೆಯ ದಂಡೆಗೆ ನಡೆಯುತ್ತಾರೆ. ಐಲಿ ಎಡಗೈಯನ್ನು ಮೈಯಿಂದ ಕೊಂಚ ದೂರ ಹಿಡಿದಿರುತ್ತಾಳೆ. ಐನೊ ಅವಳ ಬಲಕ್ಕೇ ನಡೆಯುತ್ತಾನೆ.