ಅವ್ವ ತುಂಬಿದ ಟಾಕಿ

ಗದಗಿನಲ್ಲಿ ಎಂಟು ದಿನಕ್ಕೊಮ್ಮೆ ನಳ ಬಂದಾಗ ತಂಬಿಗೆ, ಲೋಟಗಳನ್ನೂ ಬಿಡದೆ ತುಂಬಿಡುತ್ತಿದ್ದವಳು ನಮ್ಮವ್ವ ಬಸಲಿಂಗವ್ವ. ಜರ್ಮನಿಯ ರೆನ್ನಿಂಗೆನ್‌ಗೆ, ನನ್ನ ಮನೆಗೆ ಬಂದ ಮೇಲೂ ಖಾಲಿ ಪಾತ್ರೆ ಕಂಡರೆ ಅವಳಿಗೆ ಸಂಕಟ.

ಚಳಿಗೆ ನೀರು ಹೆಪ್ಪುಗಟ್ಟಿ ಪೈಪು ಒಡೆಯಬಾರದೆಂದು ನವೆಂಬರಿನಲ್ಲೇ ನಾನು ನಮ್ಮ ಕ್ಯಾಂಪರ್ ವ್ಯಾನಿನ, ಅಂದರೆ ಪ್ರವಾಸದಲ್ಲಿ ಉಣ್ಣಲು ಮಲಗಲು ಅನುಕೂಲವಿರುವ ಗಾಡಿಯ, ನೀರಿನ ಟಾಕಿ ಬರಿದು ಮಾಡಿ, ನಳಗಳನ್ನು ತೆರೆದಿಟ್ಟಿದ್ದೆ. ಜನವರಿಯ ಒಂದು ಬೆಳಿಗ್ಗೆ, ಮೈನಸ್ ಹನ್ನೆರಡು ಡಿಗ್ರಿಯಲ್ಲಿ, ವ್ಯಾನಿನ ಬಾಗಿಲು ತೆಗೆದು ನೋಡಿದೆ. ಪಂಪು ಸೀಳಿತ್ತು, ನಳ ಬಿರಿದಿತ್ತು, ಟಾಕಿಯ ತುಂಬ ಮಂಜುಗಡ್ಡೆ.

"ಇದಕ್ಕ ನೀರ ಯಾರು ತುಂಬ್ಯಾರ?" ಎಂದು ಚೀರಿದೆ.

"ನಾನಽ ತುಂಬೀನಿ ನಿನ್ನೆ. ನಳಾ ಎಲ್ಲಾ ತಗದ ಬಿಟ್ಟಿದ್ದಿ, ನಾನಽ ಬಂದ್ ಮಾಡಿದೆ. ಟಾಕಿ ಖಾಲಿ ಹೊಡೀತಿತ್ತು," ಎನ್ನುತ್ತ ಬಂದ ಅವ್ವ ಒಳಗೆ ಬಗ್ಗಿ ನೋಡಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಂದ್ರ, ನೀರ ಇಲ್ಲದಿದ್ರ ಇದು ಉಳೀತಿತ್ತೇನಪಾ?"