ಜವರತ್ತೆಯ ಎಡೆ

ಬೆಲ್ಲದ ಪಾಕ ಎಳೆ ಕಟ್ಟುವ ಹೊತ್ತಿಗೆ ಒಂದು ವಾಸನೆ ಬರುತ್ತದೆ. ಕೈ ಪಳಗಿದವರು ಆ ವಾಸನೆಗೇ ಪಾತ್ರೆ ಇಳಿಸಿಬಿಡುತ್ತಾರೆ. ಇವತ್ತು ಬೆಳಿಗ್ಗೆ ನಾನು ಸೌಟು ಹಿಡಿದು ಸುಮ್ಮನೆ ನಿಂತಿದ್ದೆ. "ಇಳ್ಸಿ ಅಕ್ಕ, ಪಾಕ ಮೀರೋಯ್ತದೆ," ಎಂದಳು ತಮ್ಮನ ಹೆಂಡತಿ ಸವಿತಾ. ಅವಳಿಗೆ ಆ ಗಡಿಬಿಡಿಯಲ್ಲಿ ಏನೆಂದು ಹೇಳಲಿ? ನಿಮಗಾದರೆ ನಿಧಾನವಾಗಿ ಹೇಳಬಹುದು. ನಿಮ್ಮ ಒಲೆಯ ಮೇಲೇನೂ ಎಣ್ಣೆ ಕಾಯುತ್ತಿಲ್ಲವಲ್ಲ.

ಜವರಮ್ಮ ನಮ್ಮಪ್ಪನ ತಂಗಿ, ನಮಗೆ ಜವರತ್ತೆ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಅಂತರಸಂತೆ ಪಕ್ಕದ ನಮ್ಮೂರಿಗೆ, ತವರಿಗೆ ಬಂದವಳು. ಬಂದವಳು ಮೂಲೆ ಹಿಡಿದು ಕೂರಲಿಲ್ಲ. ನಲವತ್ತು ದಾಟಿದ ಮೇಲೆ ಹಳೆಯ ಮೊಪೆಡ್ ಒಂದನ್ನು ತಂದು, ಒಕ್ಕಣೆ ಮುಗಿದ ಕಣದಲ್ಲಿ ಸುತ್ತು ಹೊಡೆದು ಕಲಿತಳು. ಎರಡು ಸಲ ಹುಲ್ಲಿನ ಮೆದೆಗೆ ನುಗ್ಗಿಸಿದ್ದಾಯಿತು. ಮೂರನೆಯ ದಿನ ಹೆಗ್ಗಡದೇವನಕೋಟೆಗೇ, ನಾವು ಬರೀ ಕೋಟೆ ಎನ್ನುವ ಪೇಟೆಗೇ, ಹೋಗಿಬಂದಳು. ಡೈರಿಗೆ ಹಾಲು ಹಾಕುವುದು ಬರೀ ನೆಪ. ಕ್ಯಾನು ಇಳಿಸಿದ ಮೇಲೆ ಗಾಡಿ ಯಾವ ಕಡೆ ತಿರುಗುತ್ತದೆಂದು ಗಾಡಿಗೇ ಗೊತ್ತಿರುತ್ತಿರಲಿಲ್ಲ. ಒಮ್ಮೆ ಅಣೆಕಟ್ಟಿನ ಹಿನ್ನೀರಿನ ಆಚೆ ಯಾರಿಗೋ ಹೆರಿಗೆಯಾಗಿದೆ ಎಂದು ಕೇಳಿ, ಗಾಡಿಯನ್ನೂ ತೆಪ್ಪಕ್ಕೆ ಹತ್ತಿಸಿಕೊಂಡು ಹೋಗಿ ಬಾಣಂತಿಗೆ ಬೆಳ್ಳುಳ್ಳಿ ಕೊಟ್ಟು ಬಂದಿದ್ದಳು.

ಆನೆಯ ಕತೆಯನ್ನಂತೂ ಹೇಳಲೇಬೇಕು. ಕಾಡಿನ ಅಂಚಿನ ರಸ್ತೆಯಲ್ಲಿ ಒಂಟಿ ಸಲಗ ಎದುರಾಯಿತು. ಅತ್ತೆ ಗಾಡಿ ಬಿಟ್ಟು ಓಡಿ ಮೋರಿಯ ಕೆಳಗೆ ಅವಿತು ಕೂತಳು. ಆನೆ ಗಾಡಿಯ ಮೇಲಿದ್ದ ಬಾಳೆಗೊನೆಯನ್ನು ನಿಧಾನವಾಗಿ ತಿಂದು ಹೋಯಿತು. "ಗಾಡಿ ಮುಟ್ನಿಲ್ಲ ಕಣೆ. ಮರ್ಯಾದಸ್ತ," ಎಂದಳು ಮನೆಗೆ ಬಂದು.

"ಗೊನೆ ಹೋಯ್ತಲ್ಲತ್ತೆ," ಎಂದೆ.

"ಯಾರ್ಗೋ ಕೊಡಕ್ಕೇ ಅಲ್ವಾ ತಕ್ಕೋಯ್ತಿದ್ದಿದ್ದು? ಅವ್ನೇ ಬಂದು ಈಸ್ಕೊಂಡ, ಬುಡು."

ಇಂಥವಳ ಹಿಂದೆ ಕಣ್ಣು ಮುಚ್ಚಿ, ಸೊಂಟ ತಬ್ಬಿಕೊಂಡು ಕೂರುತ್ತಿದ್ದವಳು ನಾನು. "ನೀನೂ ಕಲ್ತ್ಕೊ ಕಣೆ. ಕಾಲು ನೆಲಕ್ಕೆ ಎಟುಕ್ತದೆ, ಇನ್ನೇನ್ ಬೇಕು?" ಎನ್ನುತ್ತಿದ್ದಳು. ನಾನು ಕಲಿಯಲಿಲ್ಲ. ಪುಕ್ಕಲುತನವನ್ನು ಗಾಂಭೀರ್ಯ ಎಂದು ನಂಬಿಸಿಕೊಂಡು, ಮದುವೆಯಾಗಿ ಕೋಟೆ ಸೇರಿ, ಬಸ್ಸಿಗೆ ಕಾಯುತ್ತಲೇ ಐವತ್ತರ ವಯಸ್ಸು ದಾಟಿದೆ.

ಅಡುಗೆಯಲ್ಲೂ ನನ್ನದು ಅದೇ ಹಣೆಬರಹ. ನಾನು ಮಾಡಿದ ಕಜ್ಜಾಯದ ಪಾಕ ಪ್ರತಿ ಸಲ ಮೀರಿ ಅವು ಗಟ್ಟಿಯಾಗುತ್ತಿದ್ದವು. ತಮ್ಮ ಒಮ್ಮೆ ಸುತ್ತಿಗೆ ಕೇಳಿದ್ದ. ಅತ್ತೆ ಮಾತ್ರ, "ನಿನ್ ಕಜ್ಜಾಯ ಅಂದ್ರೆ ನಂಗೆ ಪ್ರಾಣ," ಎನ್ನುತ್ತ ನಾಲ್ಕನ್ನು ಸೆರಗಿಗೆ ಕಟ್ಟಿಕೊಂಡು ಗಾಡಿ ಹತ್ತುತ್ತಿದ್ದಳು. ನಾನು ಅದನ್ನು ಪೂರ್ತಿ ನಂಬಿದ್ದೆ. ಹೊಗಳಿಕೆಯ ವಿಷಯದಲ್ಲಿ ನಾನು ಯಾವತ್ತೂ ಹೆಚ್ಚು ವಿಚಾರಣೆ ಮಾಡಿದವಳಲ್ಲ.

ಅತ್ತೆ ತೀರಿಹೋದಳು. ಹೋದ ವರ್ಷ ಪಿತೃಪಕ್ಷದಲ್ಲಿ ಅವಳಿಗೆ ಮೊದಲ ಎಡೆ. ನಮ್ಮ ಕಡೆ ಆ ದಿನ ಹೋದವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ. ಅವರು ಬಂದು ಉಂಡು ಹೋಗಲಿ ಎಂದು. ಬದುಕಿದ್ದಾಗ ಅತ್ತೆಗೆ ಕಜ್ಜಾಯ ಬಿಟ್ಟು ನಾನು ಕೊಟ್ಟದ್ದು ಏನೂ ಇಲ್ಲ. ಈ ಒಂದು ಎಲೆಯಲ್ಲಾದರೂ ತಪ್ಪಾಗಬಾರದು ಎಂದು ಹಿಂದಿನ ದಿನವೇ ತವರಿಗೆ ಬಂದು, ಹೆಮ್ಮೆಯಿಂದ ಕಜ್ಜಾಯ ಮಾಡಿದೆ. ಎಂದಿನಂತೆ ಗಟ್ಟಿಯಾದವು.

ಆಮೇಲೆ ಡಬ್ಬಿಗಳು ಬರತೊಡಗಿದವು. ಒಬ್ಬರ ಮನೆಯ ಎಡೆಗೆ ಇನ್ನೊಬ್ಬರು ಅಡುಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಪಕ್ಕದ ಬೀದಿಯವಳು ಬಂದು, "ಜವರಕ್ಕಂಗೆ ನನ್ ಬಸ್ಸಾರು ಅಂದ್ರೆ ಪ್ರಾಣ," ಎಂದಳು. ಡೈರಿಯವನ ಹೆಂಡತಿ ನಾಟಿ ಕೋಳಿ ಸಾರು ತಂದಳು, ಅದೂ ಪ್ರಾಣವಂತೆ. ಹಿನ್ನೀರಿನ ಆಚೆಯ ಆ ಬಾಣಂತಿ, ಈಗ ನೆರೆಗೂದಲಿನ ಹೆಂಗಸು, ಮೀನು ಹುರಿದು ತಂದಿದ್ದಳು. ಒಂದು ಎಲೆ ಸಾಲದೆ ಮೂರು ಎಲೆ ಹಾಸಿದೆವು. ಅತ್ತೆಗೆಂದು ತಂದ ಹೊಸ ಸೀರೆಯ ಪಕ್ಕ ಅವಳ ಗಾಡಿಯ ಕೀಲಿಯನ್ನೂ ತಮ್ಮ ಇಟ್ಟ.

ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತಾಗ ನನಗೆ ಅಳುವೇ ಬಂತು. ದುಃಖಕ್ಕಿಂತ ಅವಮಾನವೇ ಹೆಚ್ಚಿತ್ತು. ಹಾಗಾದರೆ ಅವಳು ಎಲ್ಲರಿಗೂ ಅದನ್ನೇ ಹೇಳಿದ್ದಳು. ನನ್ನ ಕಜ್ಜಾಯಗಳೂ ಸೆರಗಿನಿಂದ ನೇರ ಯಾರದೋ ಕೈಗೆ ಹೋಗಿರಬೇಕು. ಅವಳಿಗೆ ನಿಜವಾಗಿ ಏನಿಷ್ಟವಿತ್ತೆಂದು ನಮಗೆ ಯಾರಿಗೂ ಗೊತ್ತಿಲ್ಲ. ಅವಳ ಕೈಯಲ್ಲಿ ಇಸಿದುಕೊಳ್ಳುವುದರಲ್ಲೇ ಇದ್ದೆವು, ಕೇಳಲೇ ಇಲ್ಲ.

ಎಡೆ ತೆಗೆದ ಮೇಲೆ, ಕಾಡಂಚಿನ ಗಿರಿಜನರ ಹಾಡಿಯಲ್ಲಿದ್ದ ಅತ್ತೆಯ ಗೆಳತಿ ಪುಟ್ಟಮ್ಮಜ್ಜಿಯ ನೆನಪಾಯಿತು. ಅಷ್ಟು ದೂರ ನಡೆಯಲಾರದೆ ಅವಳೊಬ್ಬಳು ಬಂದಿರಲಿಲ್ಲ. ನನ್ನ ತಮ್ಮ ಬಂದ ನೆಂಟರಿಗೆ ಬಡಿಸುತ್ತಿದ್ದ. ಏನು ತೋಚಿತೋ, ಕೀಲಿ ತೆಗೆದುಕೊಂಡೆ. ಡಬ್ಬಿ ಕಟ್ಟಿಕೊಂಡು, ಎರಡೂ ಕಾಲು ಇಳಿಬಿಟ್ಟು, ದಾರಿಯಲ್ಲಿ ಒಂದು ಎಮ್ಮೆ ನನ್ನನ್ನು ಹಿಂದೆ ಹಾಕಿ ಹೋಗುವಷ್ಟು ಜೋರಾಗಿ ಗಾಡಿ ಓಡಿಸಿದೆ. ಕಾಲು ನೆಲಕ್ಕೆ ಎಟುಕುತ್ತಿತ್ತು.

ಅಜ್ಜಿ ಡಬ್ಬಿ ಬಿಚ್ಚಿ, ಎಲ್ಲವನ್ನೂ ಸರಿಸಿ ಒಂದು ಕಜ್ಜಾಯ ಎತ್ತಿಕೊಂಡಳು. ನೆಲಕ್ಕೆ ಮೆಲ್ಲಗೆ ಕುಟ್ಟಿ ನೋಡಿದಳು. "ಇವೇ ಕಣವ್ವ," ಎಂದಳು.

"ಏನಜ್ಜಿ?"

"ಜವರಮ್ಮ ತಕ್ಕೊಂಡ್ ಬರ್ತಿದ್ದಿದ್ದು. 'ಪುಟ್ಟವ್ವ, ಒಂದು ಲೋಟ ಬೆಲ್ಲದ ಕಾಪಿ ಕಾಸು' ಅಂತ ಕೇಳೋಳು. ಅದ್ರಲ್ಲಿ ಅದ್ದಿ ಅದ್ದಿ ತಿನ್ನೋಳು. ಕಲ್ಲಲ್ವಾ ಇವು, ನೆನೀಬೇಕಲ್ಲ."

"ನಿಮಗೂ ಕೊಡ್ತಿದ್ಳಾ?"

"ಅದೊಂದು ಮಾತ್ರ ಕೊಡ್ತಿರ್ನಿಲ್ಲ. ನಂಗೂ ಒಂದು ಕೊಡು ಅಂದ್ರೆ, 'ಬ್ಯಾರೆ ಏನಾರ ಕೇಳು ಪುಟ್ಟವ್ವ, ಇದು ನಮ್ಮುಡ್ಗಿ ಮಾಡಿದ್ದು' ಅನ್ನೋಳು. ಇವತ್ತೇ ನೋಡು ನನ್ ಕೈಗೆ ಸಿಕ್ಕಿದ್ದು."

ಆನೆಗೆ ಗೊನೆ ಬಿಟ್ಟುಕೊಟ್ಟವಳು ನನ್ನ ಕಲ್ಲುಗಳನ್ನು ಯಾರಿಗೂ ಕೊಟ್ಟಿರಲಿಲ್ಲ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅಜ್ಜಿ ಎದ್ದು ಒಲೆ ಹಚ್ಚಿ ಕಾಫಿಗೆ ನೀರಿಟ್ಟಳು.

ಈ ಒಂದು ವರ್ಷದಲ್ಲಿ ಸವಿತಾ ನನಗೆ ಹದ ಕಲಿಸಿದ್ದಾಳೆ. ಬಾಯಿಗಿಟ್ಟರೆ ಕರಗುವ ಕಜ್ಜಾಯ ಈಗ ನನಗೂ ಬರುತ್ತದೆ. ಕೋಟೆಯಿಂದ ಗಾಡಿಯಲ್ಲೇ ಬರುತ್ತೇನೆ, ಎಮ್ಮೆಗಳನ್ನೂ ಹಿಂದೆ ಹಾಕುತ್ತೇನೆ. ಇವತ್ತು ಅತ್ತೆಗೆ ಎರಡನೆಯ ಎಡೆ.

"ಅಕ್ಕ, ಇಳ್ಸಿ ಅಂದೆ, ಗಟ್ಟಿಯಾಯ್ತವೆ," ಎಂದಳು ಸವಿತಾ ಮತ್ತೆ.

"ಆಗ್ಲಿ ಬುಡು," ಎಂದೆ. "ನೀನು ಆ ಕಡೆ ಒಲೇಲಿ ಬೆಲ್ಲದ ಕಾಫಿಗೆ ನೀರಿಡು."